ಆಟದ ಕಟ್ಟೆ: ನಮ್ಮ ಕ್ಲಾಸ್ ನಾವೇ ಕಟ್ಕೊಳ್ಳೋದು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಆಟದ್ದು, ದಿ ಎಲ್ಡರ್ ಸ್ಕ್ರೋಲ್ಸ್ ಸರಣಿಯ ನಾಲ್ಕನೇದು, ಆಬ್ಲಿವಿಯನ್. ಬೆಥೆಸ್ಡಾದವ್ರು 2006ರಲ್ಲಿ ತಂದಿದ್ದು, ಆಮೇಲೆ 2025ರ ಏಪ್ರಿಲ್‌ನಲ್ಲಿ ಅದ್ರ ರೀಮಾಸ್ಟರ್, ಅಂದ್ರೆ ಹೊಸದಾಗಿ ತಿದ್ದಿ ತಂದಿದ್ದು, ಬಂತಲ್ಲ, ಅವತ್ತಿಂದ ಹೊಸಬ್ರು ರೀಮಾಸ್ಟರ್ ಹಿಡ್ಕೊಂಡಿದಾರೆ, ಲ್ಯಾಪ್‌ಟಾಪ್ ತಡೆಯಲ್ಲ ಅನ್ನೋರು ಹಳೇದನ್ನೇ ಮತ್ತೆ ಹಾಕ್ಕೊಂಡಿದಾರೆ. ಇಬ್ರೂ ಬಂದು ನಿಲ್ಲೋದು ಒಂದೇ ಜಾಗದಲ್ಲಿ: ನಿಮ್ಮ ಕ್ಲಾಸ್, ಅಂದ್ರೆ ನಿಮ್ಮ ಪಾತ್ರದ ಕಸುಬು, ಯಾವ್ದು ಅಂತ ಆಟ ಕೇಳತ್ತೆ, ರೆಡಿ ಇರೋ 21 ಕ್ಲಾಸ್ ತೋರಿಸತ್ತೆ, ಕೆಳಗಡೆ ಕಸ್ಟಮ್ ಅಂತ ಒಂದು ಬಟನ್. ಆ ಬಟನ್ ಒತ್ತಿದವ್ರ ಪತ್ರಗಳೇ ಇವತ್ತು ಜಾಸ್ತಿ. ಬೇರೆ ಆಟದ್ದೂ ಒಂದೆರಡಿವೆ, ಅವನ್ನೂ ಸೇರಿಸಿದೀನಿ.

ಪ್ರಶ್ನೆ: ಸರ್, ನಾನು ಹಳೇ ಆಬ್ಲಿವಿಯನ್ ಆಡ್ತಿದೀನಿ, ಕಸ್ಟಮ್ ಕ್ಲಾಸ್ ಮಾಡ್ದೆ. ನಾನು ಯಾವಾಗ್ಲೂ ಬಳಸೋ ಏಳು ಸ್ಕಿಲ್‌ನೇ ಮೇಜರ್‌ಗೆ ಹಾಕ್ದೆ, ಬ್ಲೇಡ್, ಬ್ಲಾಕ್, ಹೆವಿ ಆರ್ಮರ್, ಆರ್ಮರರ್, ಅಥ್ಲೆಟಿಕ್ಸ್, ಅಕ್ರೋಬ್ಯಾಟಿಕ್ಸ್, ರೆಸ್ಟೊರೇಶನ್. ಮೊದಲು ಸಖತ್ತಾಗಿತ್ತು. ಈಗ 14ನೇ ಲೆವೆಲ್, ಒಂದು ಗಾಬ್ಲಿನ್ ಸಾಯ್ಸೋಕೆ ಮೂರು ನಿಮಿಷ ಹೊಡೀಬೇಕು, ದಾರಿ ಕಳ್ಳರೆಲ್ಲ ನನಗಿಂತ ಒಳ್ಳೆ ಆರ್ಮರ್ ಹಾಕಿದಾರೆ. ಲೆವೆಲ್ ಏರಿದಷ್ಟೂ ನಾನು ವೀಕ್ ಆಗ್ತಿದೀನಾ? — ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಹೌದಪ್ಪಾ, ಆಗ್ತಿದೀರ, ಅದ್ರಲ್ಲಿ ನಿಮ್ಮ ತಪ್ಪು ಏನೂ ಇಲ್ಲ, ಯಾರೇ ಆದ್ರೂ ಮೊದಲ ಸಲ ಹೀಗೇ ಆರಿಸ್ತಾರೆ, ಯಾಕಂದ್ರೆ ಇದ್ರ ಒಳಗಿನ ಲೆಕ್ಕ ಆಟ ಎಲ್ಲೂ ಬಿಡಿಸಿ ಹೇಳಲ್ಲ. ನಾನು ಇಲ್ಲಿ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಬೇರೆಯವ್ರಿಗೂ ಬೇಕಾಗತ್ತೆ.

ಕ್ಲಾಸ್‌ಗೆ ನೀವು ಆರಿಸಿದ ಏಳು ಸ್ಕಿಲ್ ಮೇಜರ್, ಮಿಕ್ಕಿದ್ದೆಲ್ಲ ಮೈನರ್. ಏಳು ಮೇಜರ್ ಸ್ಕಿಲ್ ಎಲ್ಲಾ ಸೇರಿ ಹತ್ತು ಪಾಯಿಂಟ್ ಏರಿದ್ರೆ ಒಂದು ಲೆವೆಲ್, ಹೋಗಿ ಮಲಗಿ ಎದ್ರೆ ಲೆವೆಲ್ ಏರತ್ತೆ. ಮೈನರ್ ಸ್ಕಿಲ್ ಎಷ್ಟು ಏರಿದ್ರೂ ಲೆವೆಲ್‌ಗೆ ಲೆಕ್ಕಕ್ಕಿಲ್ಲ. ಲೆವೆಲ್ ಏರಿದಾಗ ಮೂರು ಅಟ್ರಿಬ್ಯೂಟ್, ಅಂದ್ರೆ ಪಾತ್ರದ ಮೂಲ ಗುಣ, ಆರಿಸ್ಕೊಳ್ಳಿ ಅನ್ನತ್ತೆ, ಸ್ಟ್ರೆಂತ್, ಎಂಡ್ಯೂರೆನ್ಸ್ ಹಿಂಗೆ, ಅದ್ರ ಪಕ್ಕದಲ್ಲಿ +2, +3 ಅಂತ ಬರತ್ತಲ್ಲ, ಆ ನಂಬರ್ ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಯೋಚಿಸಿದೀರಾ? ಆ ಅಟ್ರಿಬ್ಯೂಟ್‌ಗೆ ಸೇರಿದ ಮೂರು ಸ್ಕಿಲ್ ಇರ್ತಾವೆ, ಹೋದ ಲೆವೆಲ್‌ನಿಂದ ಇಲ್ಲೀವರ್ಗೂ ಅವು ಎಷ್ಟು ಏರಿವೆ ಅನ್ನೋದ್ರ ಮೇಲೆ. ಏನೂ ಏರಿಲ್ಲ ಅಂದ್ರೆ +1, ಒಂದರಿಂದ ನಾಲ್ಕು ಏರಿದ್ರೆ +2, ಐದರಿಂದ ಏಳಕ್ಕೆ +3, ಎಂಟು ಒಂಬತ್ತಕ್ಕೆ +4, ಹತ್ತಾದ್ರೆ +5. ಇಲ್ಲಿ ಮೇಜರ್ ಮೈನರ್ ಅಂತ ಭೇದ ಇಲ್ಲ, ಯಾವ್ದು ಏರಿದ್ರೂ ಲೆಕ್ಕಕ್ಕೆ ಬರತ್ತೆ. ಇದೇ ನೋಡಿ ಗುಟ್ಟು.

ಈಗ ನಿಮ್ಮ ಕ್ಯಾರೆಕ್ಟರ್‌ನೇ ತಗೊಳ್ಳೋಣ. ಇಂಪೀರಿಯಲ್ ಸಿಟಿಯಿಂದ ವೇನನ್ ಪ್ರಯರಿಗೆ ಓಡ್ತಾ ಹೋದ್ರಿ, ದಾರೀಲಿ ಬಂಡೆ ಸಿಕ್ಕಿದ್ರೆ ಹತ್ತಿ ಹಾರಿದ್ರಿ (ಎಲ್ಲರೂ ಹಾರ್ತಾರೆ), ಎರಡು ತೋಳ ಬಂದ್ವು, ಹೊಡೆದ್ರಿ, ಆಮೇಲೆ ಕೂತು ಆರ್ಮರ್ ರಿಪೇರಿ ಮಾಡ್ಕೊಂಡ್ರಿ. ಅಥ್ಲೆಟಿಕ್ಸ್ 3 ಏರ್ತು, ಅಕ್ರೋಬ್ಯಾಟಿಕ್ಸ್ 2, ಆರ್ಮರರ್ 2, ಬ್ಲೇಡ್ 2, ಹೆವಿ ಆರ್ಮರ್ 1, ಹತ್ತಾಯ್ತು ಅಂತಿಟ್ಕೊಳ್ಳಿ, ಲೆವೆಲ್ ಏರ್ತು. ಬಂದಿದ್ದೇನು? ಸ್ಪೀಡ್‌ಗೆ ಐದು ಏರಿಕೆ, ಅಂದ್ರೆ +3. ಎಂಡ್ಯೂರೆನ್ಸ್‌ಗೆ ಮೂರು, +2. ಸ್ಟ್ರೆಂತ್‌ಗೆ ಎರಡು, ಅದೂ +2. ಕತ್ತಿ ಬೀಸೋದು ಕಲಿತಿದ್ದು ಎರಡೇ ಪಾಯಿಂಟ್, ಆದ್ರೆ ಊರಿನ ಕಳ್ಳರಿಗೆ ಮಾತ್ರ ನೀವು ಪೂರ್ತಿ ಒಂದು ಲೆವೆಲ್ ಮೇಲೆ ಹೋದ್ರಿ, ಅವ್ರೂ ನಿಮ್ಮ ಜೊತೆ ಏರಿದ್ರು. ಈ ಆಟದಲ್ಲಿ ಶತ್ರುಗಳು ನಿಮ್ಮ ಲೆವೆಲ್ ನೋಡ್ಕೊಂಡೇ ಬರೋದು, ಅದಕ್ಕೇ ಮುಂದೆ ಮುಂದೆ ರಸ್ತೆ ಕಳ್ಳ ಕೂಡ ಗ್ಲಾಸ್ ಆರ್ಮರ್ ಹಾಕ್ಕೊಂಡು ನಿಂತಿರ್ತಾನೆ. ಹದಿಮೂರು ಸಲ ಹಿಂಗೇ ಏರಿದ್ರೆ ಎಲ್ಲಿಗೆ ಬಂದು ನಿಲ್ತೀರ ಅಂತ ನೀವೇ ಬರೆದಿದೀರಲ್ಲ.

ಇದ್ರ ಮೇಲೆ ಹೆಲ್ತ್ ಲೆಕ್ಕ ಬೇರೆ. ಲೆವೆಲ್ ಏರಿದಾಗಲೆಲ್ಲ ಎಂಡ್ಯೂರೆನ್ಸ್‌ನ ಹತ್ತರಲ್ಲಿ ಒಂದು ಭಾಗ ಹೆಲ್ತ್‌ಗೆ ಸೇರತ್ತೆ, 40 ಇದ್ರೆ 4, 100 ಇದ್ರೆ 10. ಆಮೇಲೆ ಯಾವಾಗ್ಲೋ ಎಂಡ್ಯೂರೆನ್ಸ್ ಏರಿಸ್ಕೊಂಡ್ರೆ ಹಿಂದಿನ ಲೆವೆಲ್‌ಗಳಲ್ಲಿ ಕಡಿಮೆ ಬಂದಿದ್ದು ವಾಪಸ್ ಬರಲ್ಲ. ಹಾಗಾಗಿ ಕತ್ತಿ ಹಿಡಿಯೋನಾಗ್ಲಿ ಮಂತ್ರ ಹಾಕೋನಾಗ್ಲಿ, ಶುರುವಿನ ಹತ್ತು ಹನ್ನೆರಡು ಲೆವೆಲ್ ಎಂಡ್ಯೂರೆನ್ಸ್ ಮೊದಲು, ಆಮೇಲೆ ಮಿಕ್ಕಿದ್ದು.

ಹಾಗಾದ್ರೆ ಕ್ಲಾಸ್ ಹೆಂಗೆ ಕಟ್ಟೋದು? ಒಂದು ಅಟ್ರಿಬ್ಯೂಟ್‌ನ ಮೂರೂ ಸ್ಕಿಲ್‌ನ ಮೇಜರ್‌ಗೆ ಹಾಕ್ಬೇಡಿ, ನೀವು ಎಂಡ್ಯೂರೆನ್ಸ್‌ಗೆ ಮಾಡಿರೋದು ಅದನ್ನೇ. ಬ್ಲಾಕ್, ಹೆವಿ ಆರ್ಮರ್, ಆರ್ಮರರ್ ಮೂರೂ ಮೇಜರ್ ಆದ್ರೆ ಅವು ಹತ್ತು ಏರೋ ಹೊತ್ತಿಗೆ ಲೆವೆಲ್ ಮುಗಿದೇ ಹೋಗತ್ತೆ, ಸ್ಟ್ರೆಂತ್‌ಗೆ ಜಾಗನೇ ಇರಲ್ಲ. ಹೆವಿ ಆರ್ಮರ್ ಒಂದು ಮೇಜರ್‌ಗೆ ಇರ್ಲಿ, ಬ್ಲಾಕ್ ಮತ್ತೆ ಆರ್ಮರರ್ ಮೈನರ್‌ಗೆ ಬಿಡಿ, ಆಗ ಲೆವೆಲ್ ಏರದೇನೇ ಗುರಾಣಿ ಹಿಡಿದು ಏಟು ತಿಂತಾ, ಸುತ್ತಿಗೆ ತಗೊಂಡು ರಿಪೇರಿ ಮಾಡ್ತಾ ಎಂಡ್ಯೂರೆನ್ಸ್‌ಗೆ ಹತ್ತು ಏರಿಕೆ ಸೇರಿಸ್ಕೋಬಹುದು. ಅಥ್ಲೆಟಿಕ್ಸ್, ಅಕ್ರೋಬ್ಯಾಟಿಕ್ಸ್ ಎರಡನ್ನೂ ಮೇಜರ್‌ನಿಂದ ತೆಗೀರಿ, ಓಡೋದು ಹಾರೋದು ಹೆಂಗೂ ತಪ್ಪಲ್ಲ, ನಿಮಗೆ ಬೇಡ ಅಂದ್ರೂ ಏರ್ತಾನೇ ಇರ್ತವೆ. ನಾನಾಗಿದ್ರೆ ಬ್ಲೇಡ್, ಹೆವಿ ಆರ್ಮರ್, ಮಾರ್ಕ್ಸ್‌ಮನ್, ರೆಸ್ಟೊರೇಶನ್ ನಾಲ್ಕು ದಿನಾ ಬಳಸೋಕೆ, ಜೊತೆಗೆ ಕಾಂಜುರೇಷನ್, ಆಲ್ಟರೇಷನ್, ಸ್ಪೀಚ್‌ಕ್ರಾಫ್ಟ್ ಮೂರು ಬೇಕಂದಾಗ ಮಾತ್ರ, ಹಿಂಗೆ ಏಳು ತುಂಬ್ತಿದ್ದೆ.

ಈಗಿರೋ ಕ್ಯಾರೆಕ್ಟರ್ ಬಿಸಾಕ್ಬೇಡಿ. ದುಡ್ಡಿದ್ರೆ ಪ್ರತಿ ಲೆವೆಲ್‌ಗೆ ಐದು ಸಲ ಟ್ರೇನರ್ ಹತ್ರ ಕಲೀಬಹುದು, ಬ್ಲಂಟ್‌ನೋ ಹ್ಯಾಂಡ್ ಟು ಹ್ಯಾಂಡ್‌ನೋ ಕಲಿತ್ರೆ ಅವು ನಿಮಗೆ ಮೈನರ್, ಲೆವೆಲ್ ಏರಲ್ಲ, ಆದ್ರೆ ಸ್ಟ್ರೆಂತ್‌ಗೆ ಲೆಕ್ಕ. ಐದು ಅಲ್ಲಿಂದ ಬಂತು ಅಂದ್ರೆ ಬ್ಲೇಡ್‌ದು ಸೇರಿ +4ಕ್ಕೋ +5ಕ್ಕೋ ಹೋಗತ್ತೆ. ಆಪ್ಷನ್ಸ್‌ನಲ್ಲಿ ಡಿಫಿಕಲ್ಟಿ ಸ್ಲೈಡರ್ ಇದೆ, ಸ್ವಲ್ಪ ಎಡಕ್ಕೆ ಎಳೀರಿ, ಮೂರು ನಿಮಿಷ ಒಂದೇ ಗಾಬ್ಲಿನ್ ಹೊಡೆಯೋದ್ರಲ್ಲಿ ಏನು ಸುಖ ಇದೆ? ಮುಖ್ಯ ಕಥೆಯಲ್ಲಿ ಬರೋ ಕ್ವಾಚ್ ಊರಿಗೆ ಇನ್ನೂ ಹೋಗಿಲ್ಲ ಅಂದ್ರೆ ಮಾತ್ರ ಹುಷಾರಾಗಿ ತಯಾರಾಗಿ ಹೋಗಿ, ಕಡಿಮೆ ಲೆವೆಲ್‌ನಲ್ಲಿ ಹೋದವ್ರಿಗೆ ಅಲ್ಲಿ ಚಿಕ್ಕ ಚಿಕ್ಕ ಸ್ಕ್ಯಾಂಪ್‌ಗಳು ಸಿಗ್ತವೆ, ತಡ ಮಾಡಿದವ್ರಿಗೆ ಮೊಸಳೆ ಮೂತಿಯ ಡೇಡ್ರಾತ್ ಕಾದಿರತ್ತೆ.

ಪ್ರಶ್ನೆ: ಸ್ಪೆಷಲೈಸೇಷನ್ ಅಂತ ಒಂದು, ಫೇವರ್ಡ್ ಅಟ್ರಿಬ್ಯೂಟ್ ಅಂತ ಎರಡು ಆರಿಸೋಕೆ ಹೇಳತ್ತೆ. ಅದ್ರಿಂದ ನಿಜವಾಗ್ಲೂ ಏನಾದ್ರೂ ಫರಕ್ ಬೀಳತ್ತಾ ಇಲ್ಲ ಸುಮ್ನೆ ಹೆಸರಿಗಾ? — ತುಮಕೂರಿನ ಓದುಗರು

ಉತ್ತರ: ಬೀಳತ್ತೆ. ಕಾಂಬ್ಯಾಟ್, ಮ್ಯಾಜಿಕ್, ಸ್ಟೆಲ್ತ್ ಅಂತ ಮೂರು ಗುಂಪು, ಒಂದೊಂದ್ರಲ್ಲಿ ಏಳು ಸ್ಕಿಲ್. ನೀವು ಆರಿಸಿದ ಗುಂಪಿನ ಏಳಕ್ಕೂ ಶುರುವಲ್ಲೇ 5 ಪಾಯಿಂಟ್ ಜಾಸ್ತಿ, ಮತ್ತೆ ಅವು ಬೇಗ ಬೇಗ ಏರ್ತವೆ. ಮೇಜರ್ ಸ್ಕಿಲ್ 25ರಿಂದ ಶುರು, ಮೈನರ್ 5ರಿಂದ, ಸ್ಪೆಷಲೈಸೇಷನ್ ಸೇರಿದ್ರೆ 30 ಮತ್ತೆ 10, ರೇಸ್‌ನ (ನಿಮ್ಮ ಪಾತ್ರದ ಕುಲದ) ಬೋನಸ್ ಬೇರೆ. 25, 50, 75, 100ಕ್ಕೆ ಪ್ರತಿ ಸ್ಕಿಲ್‌ಗೂ ಹೊಸ ವಿದ್ಯೆ ಒಂದೊಂದು ಸಿಗತ್ತೆ, ಅಂದ್ರೆ ಮೇಜರ್‌ಗೆ ಹಾಕಿದ್ದು ಮೊದಲ ದಿನವೇ ಒಂದು ಮೆಟ್ಲು ಮೇಲಿರತ್ತೆ.

ಆದ್ರೆ ಎಷ್ಟೋ ಜನ ಕತ್ತಿ ಹಿಡೀತೀನಿ ಅಂತ ಕಾಂಬ್ಯಾಟ್ ಹಾಕ್ತಾರೆ, ಆಡೋವಾಗ ನೋಡಿದ್ರೆ ಅರ್ಧ ದಿನ ಮಂತ್ರದಲ್ಲೇ ಇರ್ತಾರೆ. ಕತ್ತಿ ತಾನಾಗೇ ಏರತ್ತೆ, ಮಂತ್ರದ ಸ್ಕಿಲ್‌ಗಳು ಏರೋದು ನಿಧಾನ, ಹಾಗಾಗಿ ಎರಡೂ ಬೇಕು ಅನ್ನೋರಿಗೆ ನಾನು ಮ್ಯಾಜಿಕ್ ಸ್ಪೆಷಲೈಸೇಷನ್ನೇ ಹೇಳೋದು. ಫೇವರ್ಡ್ ಅಟ್ರಿಬ್ಯೂಟ್ ಎರಡಕ್ಕೂ ತಲಾ 5 ಸೇರತ್ತೆ, ಅಷ್ಟೇ. ಮೇಲೆ ಹೇಳಿದ ಹೆಲ್ತ್ ಲೆಕ್ಕಕ್ಕೆ ಎಂಡ್ಯೂರೆನ್ಸ್ ಒಂದು ಹಾಕ್ಬಿಡಿ. ಇನ್ನೊಂದಕ್ಕೆ ಹಳೇ ಆಟಗಾರರು ಲಕ್ ಹಾಕ್ತಾರೆ, ಯಾಕಂದ್ರೆ ಲಕ್‌ಗೆ ಯಾವ ಸ್ಕಿಲ್ಲೂ ಸೇರಿಲ್ಲ, ಹಳೇ ಆಟದಲ್ಲಿ ಅದು ಲೆವೆಲ್‌ಗೆ ಒಂದೊಂದೇ ಏರೋದು, ಐದು ಪುಕ್ಸಟ್ಟೆ ಸಿಗೋವಾಗ ತಗೋಬೇಕು ಅಂತ. ಒಳ್ಳೆ ಯೋಚನೆನೇ.

ಪ್ರಶ್ನೆ: ರೀಮಾಸ್ಟರ್‌ನಲ್ಲೂ ಈ +5 ಲೆಕ್ಕ ಎಲ್ಲಾ ಮಾಡ್ಬೇಕಾ? ಪೇಪರ್ ಪೆನ್ ಇಟ್ಕೊಂಡು ಆಡೋಕೆ ನನಗಾಗಲ್ಲ. — ಬಳ್ಳಾರಿ

ಉತ್ತರ: ಬೇಡ. ಅದನ್ನ ಅವ್ರು ತೆಗೆದುಹಾಕಿದಾರೆ. ಈಗ ಲೆವೆಲ್ ಏರಿದ್ರೆ 12 ಪಾಯಿಂಟ್ ಕೈಗೆ ಕೊಡ್ತಾರೆ, ಮೂರು ಅಟ್ರಿಬ್ಯೂಟ್‌ವರೆಗೆ ಹಂಚ್ಕೋಬಹುದು, ಒಂದಕ್ಕೆ ಹೆಚ್ಚಂದ್ರೆ 5, ಲಕ್ ಮಾತ್ರ ದುಬಾರಿ, ಅದ್ರ ಒಂದಕ್ಕೆ ನಾಲ್ಕು ಪಾಯಿಂಟ್ ಹೋಗತ್ತೆ. ಮೈನರ್ ಸ್ಕಿಲ್ ಏರಿದ್ರೂ ಲೆವೆಲ್‌ಗೆ ಒಂದಿಷ್ಟು ಸೇರತ್ತೆ, ಮೇಜರ್‌ನಷ್ಟಲ್ಲ. ಹಾಗಾಗಿ ನಿಮಗೆ ಇಷ್ಟವಾದ ಏಳನ್ನೇ ಮೇಜರ್‌ಗೆ ಹಾಕಿ, ನಿಶ್ಚಿಂತೆಯಾಗಿ ಆಡಿ. ಹಳೇ ಆಟದಲ್ಲೂ ಅಷ್ಟೇ, ಪ್ರತಿ ಲೆವೆಲ್‌ಗೂ +5 ಮೂರು ಬರ್ಲೇಬೇಕು ಅಂತ ಇಲ್ಲ, ಎರಡು ಚೆನ್ನಾಗಿ ಬಂದ್ರೂ ಆರಾಮಾಗಿ ಆಟ ಮುಗಿಯತ್ತೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು ಅರವತ್ತೆರಡು. ಮಗಳು ಊರಿಗೆ ಬಂದಾಗ ಅವಳ ಪ್ಲೇಸ್ಟೇಷನ್‌ನಲ್ಲಿ ಆಬ್ಲಿವಿಯನ್ ರೀಮಾಸ್ಟರ್ ತೋರಿಸಿದಳು. ಆ ಕಾಡು, ಆ ಹೂಗಳು, ಸಂಜೆಯ ಬೆಳಕು ಕಂಡು ಮನಸ್ಸು ಸೋತುಹೋಯಿತು. ಆದರೆ ಕತ್ತಿ ಹಿಡಿದು ಯಾರನ್ನೂ ಕೊಲ್ಲುವುದು ನನಗೆ ಆಗದು. ಹೊಡೆಯದೆ ಆಡುವಂಥ ಪಾತ್ರವನ್ನು ಕಟ್ಟಿಕೊಳ್ಳಲು ಸಾಧ್ಯವೇ? — ಧಾರವಾಡ

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪತ್ರ ಎರಡು ಸಲ ಓದ್ದೆ, ತುಂಬಾ ಖುಷಿ ಆಯ್ತು. ಸಾಧ್ಯ ಇದೆ, ಪೂರ್ತಿ ಅಹಿಂಸೆ ಅಂತ ಮಾತು ಕೊಡಲಾರೆ, ಮುಖ್ಯ ಕಥೆಯಲ್ಲಿ ಕೆಲವು ಕಡೆ ಯಾರಾದ್ರೂ ಹೊಡೀಲೇಬೇಕು, ಆದ್ರೆ ಆ ಹೊಡೆಯೋ ಕೈ ನಿಮ್ಮದೇ ಆಗ್ಬೇಕು ಅಂತೇನಿಲ್ಲ.

ಕಸ್ಟಮ್ ಕ್ಲಾಸ್ ತಗೊಳ್ಳಿ, ಸ್ಪೆಷಲೈಸೇಷನ್ ಮ್ಯಾಜಿಕ್. ಫೇವರ್ಡ್ ಅಟ್ರಿಬ್ಯೂಟ್‌ಗೆ ಇಂಟೆಲಿಜೆನ್ಸ್, ವಿಲ್‌ಪವರ್, ಮೊದಲ್ನೇದು ನಿಮ್ಮ ಮಂತ್ರಶಕ್ತಿ ಎಷ್ಟು ಅನ್ನೋದಕ್ಕೆ, ಎರಡನೇದು ಖಾಲಿ ಆದ್ಮೇಲೆ ಎಷ್ಟು ಬೇಗ ತುಂಬತ್ತೆ ಅನ್ನೋದಕ್ಕೆ. ಮೇಜರ್‌ಗೆ ಇಲ್ಯೂಷನ್, ಕಾಂಜುರೇಷನ್, ಸ್ಪೀಚ್‌ಕ್ರಾಫ್ಟ್, ರೆಸ್ಟೊರೇಶನ್, ಆಲ್ಟರೇಷನ್, ಸ್ನೀಕ್, ಆಲ್ಕೆಮಿ. ರೇಸ್ ಬ್ರೆಟನ್ ಇರ್ಲಿ, ಮೈಗೆ ಬಂದ ಮಂತ್ರದ ಏಟು ಅರ್ಧಕ್ಕರ್ಧ ತಾಗಲ್ಲ.

ಇಲ್ಯೂಷನ್ ನಿಮ್ಮ ಮುಖ್ಯ ವಿದ್ಯೆ. ಕಾಮ್ ಅನ್ನೋ ಮಂತ್ರ ಹಾಕಿದ್ರೆ ಹೊಡೆಯೋಕೆ ಬಂದವ್ನು ಅಲ್ಲೇ ತಣ್ಣಗಾಗಿ ನಿಲ್ತಾನೆ, ಚಾರ್ಮ್ ಹಾಕಿದ್ರೆ ಮುಖ ಗಂಟಿಕ್ಕಿದ ಅಂಗಡಿಯವ್ನೂ ನಗ್ತಾ ಮಾತಾಡ್ತಾನೆ, ಮುಂದೆ ಹೋದ್ರೆ ಅದೃಶ್ಯ ಆಗೋದೂ ಇದೆ, ಆದ್ರೆ ಅದೃಶ್ಯ ಆಗಿರೋವಾಗ ಬಾಗಿಲೋ ಪೆಟ್ಟಿಗೆಯೋ ಮುಟ್ಟಿದ್ರೆ ಮಂತ್ರ ಬಿಟ್ಟುಹೋಗತ್ತೆ, ನೆನಪಿರ್ಲಿ. ಕಾಮ್ ಮಂತ್ರಕ್ಕೆ ಒಂದು ಮಿತಿ ಇದೆ, ಇಷ್ಟನೇ ಲೆವೆಲ್‌ವರೆಗಿನವ್ರಿಗೆ ಅಂತ, ಅದಕ್ಕೇ ಆಗಾಗ ದೊಡ್ಡ ಮಂತ್ರ ಕೊಂಡ್ಕೋತಾ ಇರಿ. ಅದಕ್ಕೂ ಬಗ್ಗದವ್ರು ಬಂದ್ರೆ ಕಾಂಜುರೇಷನ್‌ನಿಂದ ಒಂದು ಪ್ರಾಣಿ ಕರೆದು ನೀವು ಹಿಂದೆ ಸರೀರಿ, ಅದೇ ಮುಂದೆ ಹೋಗಿ ನೋಡ್ಕೊಳತ್ತೆ.

ಆಮೇಲೆ ಆ ಹೂಗಳು. ನಿಮಗೆ ಹಿಡಿಸಿದ್ದು ಅದೇ ಅಲ್ವಾ, ಆಲ್ಕೆಮಿ ಅಂದ್ರೆ ಅದೇ ಕೆಲಸ, ಊರ ಹೊರಗೆ ನಡ್ಕೊಂಡು ಹೋಗಿ ಗಿಡ, ಅಣಬೆ, ಹಣ್ಣು ಕಿತ್ತು ಚೀಲಕ್ಕೆ ಹಾಕ್ಕೊಳ್ಳಿ, ಒಂದೇ ಗುಣ ಇರೋ ಎರಡು ವಸ್ತು ಸೇರಿಸಿ ಕುಟ್ಟಿದ್ರೆ ಔಷಧಿ. ಆಲ್ಕೆಮಿ 25ಕ್ಕಿಂತ ಕಡಿಮೆ ಇದ್ರೆ ಪ್ರತಿ ವಸ್ತುವಿನ ಒಂದೇ ಗುಣ ಕಾಣತ್ತೆ, 25ಕ್ಕೆ ಎರಡು (ಮೇಜರ್‌ಗೆ ಹಾಕಿರೋದ್ರಿಂದ ನಿಮಗೆ ಶುರುವಲ್ಲೇ ಎರಡು), 50ಕ್ಕೆ ಮೂರು, 75ಕ್ಕೆ ನಾಲ್ಕೂ ಕಾಣ್ತವೆ. ಸೇಬು, ಕ್ಯಾರೆಟ್, ಬ್ರೆಡ್ ಎಲ್ಲಾ ಆಯಾಸ ಕಳೆಯೋ ವಸ್ತುಗಳು, ಯಾವ್ದಾದ್ರೂ ಎರಡು ಸೇರಿಸಿ ಮೊದಲ ಬಾಟ್ಲಿ ಮಾಡಿ ನೋಡಿ. ನೀರಿನ ಅಂಚಲ್ಲಿ ನಡೀವಾಗ ಗುಂಯ್ ಅಂತ ಒಂದು ಸಣ್ಣ ನಾದ ಕೇಳಿಸಿದ್ರೆ ನಿಲ್ಲಿ, ಸುತ್ತ ನೋಡಿ, ಮಿನುಗೋ ಎಲೆಯ ನಿರ್ನ್‌ರೂಟ್ ಅನ್ನೋ ಗಿಡ ಅಲ್ಲೇ ಎಲ್ಲೋ ಇರತ್ತೆ. ನಾನು ಆ ಗಿಡ ಹುಡುಕ್ತಾ ಒಂದಿಡೀ ಭಾನುವಾರ ನದಿ ದಂಡೆ ಮೇಲೆ ಕಳೆದಿದೀನಿ, ಕಥೆ ಒಂದಿಂಚೂ ಮುಂದೆ ಹೋಗ್ಲಿಲ್ಲ, ಆದ್ರೂ ಈ ಆಟದಲ್ಲಿ ನನಗೆ ಈಗ್ಲೂ ನೆನಪಿರೋ ದಿನ ಅದೇ.

ಮೊದಲು ಮೇಜಸ್ ಗಿಲ್ಡ್, ಅಂದ್ರೆ ಮಂತ್ರವಾದಿಗಳ ಸಂಘ, ಸೇರ್ಕೊಳ್ಳಿ ಮೇಡಂ. ಏಳು ಊರಿನ ಗಿಲ್ಡ್‌ನಲ್ಲಿ ಒಂದೊಂದು ಕೆಲಸ ಮಾಡ್ಕೊಟ್ಟು ಶಿಫಾರಸು ತಗೊಂಡ್ರೆ ಆರ್ಕೇನ್ ಯೂನಿವರ್ಸಿಟಿ ಒಳಗೆ ಬಿಡ್ತಾರೆ, ಅಲ್ಲಿ ನಿಮ್ಮ ಮಂತ್ರ ನೀವೇ ಕಟ್ಕೋಬಹುದು, ಕ್ಲಾಸ್ ಕಟ್ಟಿದ ಹಾಗೇನೇ. ಬ್ರಾವಿಲ್ ಊರಿನ ಕೆಲಸದಿಂದ ಶುರು ಮಾಡಿ, ಕಳೆದುಹೋದ ಒಂದು ಕೋಲು ಹುಡುಕಿಕೊಡೋದು, ಮಾತು, ಚಾರ್ಮ್, ಒಂದಿಷ್ಟು ದುಡ್ಡು ಇಷ್ಟರಲ್ಲೇ ಮುಗಿಯತ್ತೆ. ಡಿಫಿಕಲ್ಟಿ ನಾವಿಸ್‌ಗೋ ಅಪ್ರೆಂಟಿಸ್‌ಗೋ ಇಟ್ಕೊಳ್ಳಿ. ಇನ್ನೊಂದು ಮಾತು, ಆಟ ಜೈಲಲ್ಲಿ ಶುರುವಾಗತ್ತೆ, ಅಲ್ಲಿಂದ ಚರಂಡಿ ದಾರಿಯಲ್ಲಿ ಹೊರಗೆ ಬರೋ ಮುಂಚೆ ಕಬ್ಬಿಣದ ಬಾಗಿಲ ಹತ್ರ ಆಟ ಇನ್ನೊಂದ್ಸಲ ಕೇಳತ್ತೆ, ರೇಸ್, ಕ್ಲಾಸ್ ಏನಾದ್ರೂ ಬದಲಾಯಿಸ್ತೀರಾ ಅಂತ. ಅಲ್ಲೊಂದು ಸೇವ್ ಬೇರೆಯಾಗಿ ಇಡಿ, ಅದನ್ನ ಅಳಿಸ್ಬೇಡಿ. ಒಂದು ವಾರ ಆಡಿ ಇದು ನನಗೆ ಹಿಡಿಸ್ಲಿಲ್ಲ ಅನ್ನಿಸಿದ್ರೆ ಆ ಸೇವ್‌ಗೆ ಬಂದು ಬೇರೆ ಕ್ಲಾಸ್ ಕಟ್ಟಿದ್ರಾಯ್ತು, ಮೊದಲಿಂದ ಜೈಲು ಸುತ್ತೋದು ತಪ್ಪತ್ತೆ. ಇದು ಎಲ್ಲರಿಗೂ ಹೇಳಿದ್ದು.

ಪ್ರಶ್ನೆ: ಬಾಲ್ಡರ್ಸ್ ಗೇಟ್ 3 ಆಡ್ತಿದೀನಿ. ಎಲ್ಲಾ ಕ್ಲಾಸಿಂದೂ ಸ್ವಲ್ಪ ಸ್ವಲ್ಪ ಬೇಕು ಅಂತ ಫೈಟರ್ 2, ರೋಗ್ 2, ವಿಝಾರ್ಡ್ 2, ಕ್ಲೆರಿಕ್ 2 ಮಾಡಿ 8ನೇ ಲೆವೆಲ್‌ಗೆ ಬಂದಿದೀನಿ. ಜೊತೆಗಿರೋರೆಲ್ಲ ಒಂದೇ ಕ್ಲಾಸ್, ನನಗಿಂತ ಎಷ್ಟೋ ಚೆನ್ನಾಗಿ ಹೊಡೀತಾರೆ. ಕ್ಯಾರೆಕ್ಟರ್ ಹಾಳಾಯ್ತಾ? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಹಾಳಾಗಿಲ್ಲ, 100 ಗೋಲ್ಡ್ ಇದ್ರೆ ಸರಿಹೋಗತ್ತೆ. ಕ್ಯಾಂಪ್‌ನಲ್ಲಿ ಆ ಒಣಗಿದ ಮುಖದ ವಿದರ್ಸ್ ನಿಂತಿರ್ತಾನಲ್ಲ, ಅವನ ಹತ್ರ ಹೋಗಿ ಕ್ಲಾಸ್ ಬದಲಾಯಿಸು ಅನ್ನಿ, 1ನೇ ಲೆವೆಲ್‌ನಿಂದ ಎಲ್ಲಾ ಮತ್ತೆ ಆರಿಸ್ಕೋಬಹುದು.

ಎಲ್ಲಿ ಎಡವಿದ್ರಿ ಅಂದ್ರೆ, ಈ ಆಟದಲ್ಲಿ ದೊಡ್ಡ ದೊಡ್ಡದೆಲ್ಲಾ ಸಿಗೋದು ಕ್ಲಾಸ್ ಲೆವೆಲ್ ನೋಡಿ, ನಿಮ್ಮ ಒಟ್ಟು ಲೆವೆಲ್ ನೋಡಿ ಅಲ್ಲ. ಫೀಟ್, ಅಂದ್ರೆ ವಿಶೇಷ ಸಾಮರ್ಥ್ಯ, ಸಿಗೋದು ಒಂದು ಕ್ಲಾಸ್ 4, 8, 12 ಮುಟ್ಟಿದಾಗ, ನಿಮ್ಮದು ಯಾವ ಕ್ಲಾಸೂ 4 ಮುಟ್ಟಿಲ್ಲ, ಅದಕ್ಕೇ ನಿಮ್ಮ ಹತ್ರ ಒಂದೂ ಫೀಟ್ ಇಲ್ಲ. ಫೈಟರ್‌ಗೆ ಒಂದು ಆಕ್ಷನ್‌ಗೆ ಎರಡು ಏಟು ಬರೋದು 5ಕ್ಕೆ, ಅದೂ ಇಲ್ಲ. ಬರೀ ವಿಝಾರ್ಡ್ ಆಗಿದ್ರೆ ಈ ಹೊತ್ತಿಗೆ ಫೈರ್‌ಬಾಲ್ ಹಳೇದಾಗಿ 4ನೇ ಮಟ್ಟದ ಮಂತ್ರ ಹಾಕ್ತಿರ್ತಿದ್ರಿ. ಕೊನೇ ಲೆವೆಲ್ಲೇ 12, ಅದನ್ನ ನಾಲ್ಕು ಮನೆಗೆ ಹಂಚಿದ್ರೆ ಯಾರ ಹೊಟ್ಟೆಯೂ ತುಂಬಲ್ಲ.

ಕತ್ತಿ ಕವಚ ಮಂತ್ರ ಮೂರೂ ಬೇಕು ಅನ್ನೋದು ನಿಮ್ಮ ಆಸೆ ಅಂತ ಕಾಣತ್ತೆ, ಹಾಗಿದ್ರೆ ಫೈಟರ್ 2, ವಿಝಾರ್ಡ್ 10 ಮಾಡಿ. ಮೊದಲ ಲೆವೆಲ್ ಫೈಟರ್ದೇ ಆಗ್ಬೇಕು, ಇದು ಮುಖ್ಯ, ಯಾಕಂದ್ರೆ ಹೆವಿ ಆರ್ಮರ್ ಹಾಕೋ ಅಭ್ಯಾಸ, ಕಾನ್ಸ್‌ಟಿಟ್ಯೂಷನ್ ಸೇವಿಂಗ್ ಥ್ರೋ ಎರಡೂ ಫೈಟರ್ ಮೊದಲ ಕ್ಲಾಸ್ ಆಗಿದ್ರೆ ಮಾತ್ರ ಬರೋದು, ವಿಝಾರ್ಡ್‌ನಿಂದ ಶುರು ಮಾಡಿ ಆಮೇಲೆ ಫೈಟರ್ ತಗೊಂಡ್ರೆ ಬರಲ್ಲ. ಏಟು ಬಿದ್ದಾಗ ಹಿಡಿದಿಟ್ಟ ಮಂತ್ರ ಕೈಜಾರದಂಗೆ ಇರೋಕೆ ಆ ಸೇವಿಂಗ್ ಥ್ರೋನೇ ಬೇಕು. ಎರಡನೇ ಲೆವೆಲ್‌ಗೆ ಆಕ್ಷನ್ ಸರ್ಜ್, ಅಂದ್ರೆ ಒಂದೇ ಸರದಿಯಲ್ಲಿ ಎರಡು ಫೈರ್‌ಬಾಲ್. ಇದ್ರಲ್ಲಿ ಕಳ್ಕೊಳ್ಳೋದು 6ನೇ ಮಟ್ಟದ ಮಂತ್ರ, ಅದು ವಿಝಾರ್ಡ್ 11ಕ್ಕೆ ಬರೋದು, ಮತ್ತೆ 12ರ ಮೂರನೇ ಫೀಟ್. ನನ್ನ ಪ್ರಕಾರ ಆ ಬೆಲೆ ಕೊಡಬಹುದು. ಇಲ್ಲ ಕತ್ತಿಯೇ ಮುಖ್ಯ ಅಂದ್ರೆ, 2025ರ ಏಪ್ರಿಲ್‌ನ ಪ್ಯಾಚ್ 8ರಲ್ಲಿ 12 ಕ್ಲಾಸ್‌ಗೂ ಒಂದೊಂದು ಹೊಸ ಸಬ್‌ಕ್ಲಾಸ್ ಬಂತಲ್ಲ, ಅದ್ರಲ್ಲಿ ವಿಝಾರ್ಡ್‌ಗೆ ಬ್ಲೇಡ್‌ಸಿಂಗಿಂಗ್ ಅಂತ ಸಿಕ್ಕಿದೆ, ಮಿಕ್ಸ್ ಮಾಡೋ ಕೆಲಸನೇ ಇಲ್ಲ, ಅದನ್ನೊಂದು ಸಲ ನೋಡಿ.

ಪ್ರಶ್ನೆ: ಸರ, ನಮ್ಮ ಕಂಪ್ಯೂಟರ್ ಭಾಳ ಹಳೇದ ಐತ್ರಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ರೊಕ್ಕಾನೂ ಹಾಕಾಂಗಿಲ್ಲ. ಕ್ಲಾಸ್ ನಾವ ಮಾಡ್ಕೊಳ್ಳೋ ಅಂಥಾ ಆಟ ಯಾವದರ ಐತೇನ್ರಿ? — ಹುಬ್ಬಳ್ಳಿ

ಉತ್ತರ: ಐತ್ರಿ, ಅದೂ ಎಲ್ಲಾದಕ್ಕಿಂತ ದೊಡ್ಡದು. ಡ್ಯಾಗರ್‌ಫಾಲ್, ಇದೇ ಸರಣಿಯ ಎರಡನೇ ಆಟ, 1996ರದ್ದು, ಸ್ಟೀಮ್‌ನಲ್ಲಿ 2022ರಿಂದ ಫ್ರೀ. ಕ್ಲಾಸ್ ಕಟ್ಟೋ ವಿಷಯದಲ್ಲಿ ಇದಕ್ಕಿಂತ ಸ್ವಾತಂತ್ರ್ಯ ಕೊಟ್ಟ ಆಟ ಆ ಸರಣಿಯಲ್ಲಿ ಆಮೇಲೆ ಬಂದೇ ಇಲ್ಲ. ಮೂರು ಪ್ರೈಮರಿ, ಮೂರು ಮೇಜರ್, ಆರು ಮೈನರ್, ಒಟ್ಟು ಹನ್ನೆರಡು ಸ್ಕಿಲ್. ಅದ್ರ ಮೇಲೆ ನಿಮಗೆ ವರ, ಶಾಪ ಎರಡೂ ನೀವೇ ಬರ್ಕೋಬಹುದು. ಮಂತ್ರ ಹೀರ್ಕೊಳ್ಳೋ ಶಕ್ತಿ ಬೇಕಾ, ತಗೊಳ್ಳಿ. ಬದಲಿಗೆ ಬಿಸಿಲಿಗೆ ಹೋದ್ರೆ ಮೈ ಸುಡತ್ತೆ, ಇಲ್ಲ ಇಂಥಾ ಲೋಹದ ಆಯುಧ ಮುಟ್ಟಂಗಿಲ್ಲ, ಇಂಥಾ ಶಾಪ ಹಾಕ್ಕೊಳ್ಳಿ. ಪಕ್ಕದಲ್ಲಿ ಒಂದು ಕಠಾರಿ ಚಿತ್ರ ಇರತ್ತೆ, ವರ ಜಾಸ್ತಿ ಆದ್ರೆ ಅದು ಮೇಲೆ ಹೋಗತ್ತೆ, ಶಾಪ ಹಾಕಿದ್ರೆ ಕೆಳಗೆ ಇಳಿಯತ್ತೆ, ಮೇಲೆ ಹೋದಷ್ಟೂ ನಿಮ್ಮ ಸ್ಕಿಲ್ ಏರೋದು ನಿಧಾನ.

ಒಂದೇ ಎಚ್ಚರಿಕೆ, ಪ್ರೈಮರಿ ಮೂರೂ ಲೆವೆಲ್‌ಗೆ ಲೆಕ್ಕ ಆಗೋದ್ರಿಂದ ಅಲ್ಲಿ ದಿನಾ ಕೈಗೆ ಬರೋ ಸ್ಕಿಲ್ಲೇ ಇರ್ಲಿ. ಸ್ಪ್ರಿಗನ್ ಭಾಷೆ, ಹಾರ್ಪಿ ಭಾಷೆ ಅಂತೆಲ್ಲಾ ಸ್ಕಿಲ್ ಕಾಣ್ತವೆ, ಚಂದ ಅಂತ ಪ್ರೈಮರಿಗೆ ಹಾಕಿದ್ರೆ ಲೆವೆಲ್ ಏರೋದೇ ಕಷ್ಟ ಆಗತ್ರಿ.

ಪ್ರಶ್ನೆ: ಸ್ಕೈರಿಮ್‌ನಲ್ಲಿ ಯಾಕೆ ಕ್ಲಾಸೇ ಇಲ್ಲ? — ಹಾಸನ

ಉತ್ತರ: 2011ರ ನವೆಂಬರ್ 11ಕ್ಕೆ ಇದೇ ಸರಣಿಯ ಆ ಆಟ ಬಂದಾಗ ಕ್ಲಾಸ್ ತೆಗೆದುಹಾಕಿ 18 ಸ್ಕಿಲ್ ಸಮಾನವಾಗಿ ಇಟ್ರು, ಯಾವ್ದು ಏರಿದ್ರೂ ಲೆವೆಲ್‌ಗೆ ಸೇರತ್ತೆ, ಏರಿದಾಗ ಪರ್ಕ್ (ಒಂದು ಹೊಸ ವಿದ್ಯೆ) ಆರಿಸ್ಕೋಬೇಕು. ರಿವರ್‌ವುಡ್‌ಗೆ ಹೋಗೋ ದಾರೀಲಿ ವಾರಿಯರ್, ಮೇಜ್, ಥೀಫ್ ಅಂತ ಮೂರು ಕಲ್ಲು ನಿಂತಿವೆಯಲ್ಲ, ಕ್ಲಾಸ್‌ನ ನೆನಪು ಅಂತ ಉಳಿದಿರೋದು ಅಷ್ಟೇ, ಆ ಕಲ್ಲನ್ನೂ ಬೇಕಾದಾಗ ಬದಲಾಯಿಸ್ಬಹುದು. ಮೊದಲ ದಿನವೇ ತಪ್ಪು ಆರಿಸಿ ಸಿಕ್ಕಿಹಾಕ್ಕೊಳ್ಳೋ ಭಯ ಇಲ್ಲ, ಅದು ಒಳ್ಳೇದೇ. ಆದ್ರೆ ನನಗೆ ಅಲ್ಲಿ ಯಾವ ಕ್ಯಾರೆಕ್ಟರ್ ಶುರು ಮಾಡಿದ್ರೂ ಕೊನೆಗೆ ಬಿಲ್ಲು ಹಿಡಿದು ಬಗ್ಗಿ ನಡೆಯೋ ಅದೇ ಕಳ್ಳ ಆಗ್ಬಿಡ್ತಾನೆ, ಆಬ್ಲಿವಿಯನ್‌ನಲ್ಲಿ ಹಾಗಾಗಲ್ಲ, ಮಾರ್ಕ್ಸ್‌ಮನ್ 5ರಲ್ಲಿದ್ರೆ ಬಿಲ್ಲಿನ ಕಡೆ ಕೈ ಹೋಗಲ್ಲ.

ಪ್ರಶ್ನೆ: ಸರ್, ಎರಡು ಪ್ರಶ್ನೆ. ಕಸ್ಟಮ್ ಕ್ಲಾಸ್‌ಗೆ ಹೆಸರು ಕನ್ನಡದಲ್ಲಿ ಹಾಕೋಕಾಗತ್ತಾ? ಮತ್ತೆ ಆಯುಧನೇ ಇಲ್ದೆ ಬರೀ ಕೈಯಲ್ಲಿ ಹೊಡೆಯೋ ಕ್ಲಾಸ್ ಹಳೇ ಆಬ್ಲಿವಿಯನ್‌ನಲ್ಲಿ ನಡೆಯತ್ತಾ? — ಮೈಸೂರು

ಉತ್ತರ: ಕನ್ನಡ ಅಕ್ಷರ ಆ ಆಟದ ಫಾಂಟ್‌ನಲ್ಲಿ ಇಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೆಸರು ಟೈಪ್ ಮಾಡ್ಬೇಕು. ನಾನು ಯಾವಾಗ್ಲೂ ಹಾಗೇ ಮಾಡೋದು, ಬಿಲ್ಲಿನವ್ನಿಗೆ ಬೇಟೆಗಾರ, ಮಂತ್ರದಿಂದ ಪ್ರಾಣಿ ಕರೆಯೋನಿಗೆ ಗಾರುಡಿಗ, ಮೇಲಿನ ಮೇಡಂ ಥರ ಗಿಡಮೂಲಿಕೆಯವ್ರಿಗೆ ನಾಟಿ ವೈದ್ಯೆ. ಕ್ಯಾರೆಕ್ಟರ್ ಶೀಟ್ ತೆಗೆದಾಗಲೆಲ್ಲ ಆ ಹೆಸರು ಕಾಣತ್ತೆ, ಆಗ ಇವ್ನು ಇಂಥದ್ದು ಮಾಡ್ತಾನೆ ಇಂಥದ್ದು ಮಾಡಲ್ಲ ಅನ್ನೋದು ತಾನಾಗೇ ಹೊಳೆಯತ್ತೆ.

ನೀವು ಮೈಸೂರಿನವ್ರು, ಬರಿಗೈ ಕೇಳಿದೀರ, ನಿಮ್ಮ ಕ್ಲಾಸ್‌ಗೆ ಹೆಸರು ನಾನೇ ಹೇಳ್ತೀನಿ: ಜಟ್ಟಿ. ವಿಜಯದಶಮಿ ದಿನ ಅರಮನೆ ಒಳಗೆ ವಜ್ರಮುಷ್ಟಿ ಕಾಳಗ ನಡೆಯತ್ತಲ್ಲ, ತಲೆ ಬೋಳಿಸ್ಕೊಂಡು ಬರೀ ಮೈಯಲ್ಲಿ ಅಖಾಡಕ್ಕೆ ಇಳಿದು, ಒಂದು ತೊಟ್ಟು ರಕ್ತ ಬಂದ ಕೂಡ್ಲೇ ಕಾಳಗ ಮುಗೀತು, ಆ ಜಟ್ಟಿಗಳು. ಆಬ್ಲಿವಿಯನ್‌ನಲ್ಲಿ ಹ್ಯಾಂಡ್ ಟು ಹ್ಯಾಂಡ್‌ನ ಏಟು ಹೆಲ್ತ್ ಜೊತೆ ಎದುರಾಳಿಯ ದಮ್ಮನ್ನೂ ಕಳೆಯತ್ತೆ, ದಮ್ಮು ಸೊನ್ನೆಗೆ ಬಂದ್ರೆ ಅವ್ನು ಧೊಪ್ ಅಂತ ನೆಲಕ್ಕೆ ಬೀಳ್ತಾನೆ, ಕತ್ತಿಯವ್ರಿಗೆ ಈ ಸುಖ ಇಲ್ಲ. ರೇಸ್ ಆರ್ಕ್ ಇಲ್ಲ ಖಜೀಟ್, ಬರಿಗೈಗೆ ಆರ್ಕ್‌ಗೆ 5, ಖಜೀಟ್‌ಗೆ 10 ಪಾಯಿಂಟ್ ಬೋನಸ್ ಇದೆ. ಸ್ಪೆಷಲೈಸೇಷನ್ ಕಾಂಬ್ಯಾಟ್, ಅಟ್ರಿಬ್ಯೂಟ್ ಸ್ಟ್ರೆಂತ್, ಎಂಡ್ಯೂರೆನ್ಸ್. ಮೇಜರ್: ಹ್ಯಾಂಡ್ ಟು ಹ್ಯಾಂಡ್, ಆಲ್ಟರೇಷನ್, ರೆಸ್ಟೊರೇಶನ್, ಡಿಸ್ಟ್ರಕ್ಷನ್, ಸ್ನೀಕ್, ಸ್ಪೀಚ್‌ಕ್ರಾಫ್ಟ್, ಮರ್ಕೆಂಟೈಲ್. ಆರ್ಮರ್ ಬೇಡವೇ ಬೇಡ, ಜಟ್ಟಿಗೆ ಯಾವ ಆರ್ಮರ್? ಆಲ್ಟರೇಷನ್‌ನ ಶೀಲ್ಡ್ ಮಂತ್ರನೇ ಕವಚ, ಮೈಮೇಲೆ ಆರ್ಮರ್ ಇಲ್ದಿದ್ರೆ ಮಂತ್ರದ ಬಲವೂ ಪೂರ್ತಿ ಇರತ್ತೆ. ದೆವ್ವಗಳು ಮಾತ್ರ ಮಾಮೂಲಿ ಏಟಿಗೆ ಬಗ್ಗಲ್ಲ, ಅದಕ್ಕೇ ಡಿಸ್ಟ್ರಕ್ಷನ್ ಇಟ್ಟಿದ್ದು, ಎಲ್ಲರಿಗೂ ಶುರುವಲ್ಲೇ ಸಿಗೋ ಫ್ಲೇರ್ ಮಂತ್ರದಿಂದ ಸುಡಿ.

ಚರಂಡಿಯಿಂದ ಹೊರಗೆ ಬಂದ ಮೇಲೆ ಸೀದಾ ಇಂಪೀರಿಯಲ್ ಸಿಟಿಯ ಅರೀನಾಗೆ ಹೋಗಿ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ತೆಗೆದಿರತ್ತೆ. ಒಳಗೆ ಅವ್ರ ಉಡುಪು ಹಾಕ್ಲೇಬೇಕು ಅಂತಾರೆ, ಲೈಟ್ ಬೇಕಾ ಹೆವಿ ಬೇಕಾ ಅಂತ ಕೇಳ್ತಾರೆ, ಲೈಟ್ ಅನ್ನಿ. ಗೇಟ್ ತೆಗೆದ ಕೂಡ್ಲೇ ಶೀಲ್ಡ್ ಹಾಕ್ಕೊಳ್ಳಿ, ಅವ್ನು ಕತ್ತಿ ಎತ್ತೋಕೆ ಬಿಡಿ, ಬೀಸಿ ಮುಗಿದ ಮೇಲೆ ಒಳಗೆ ನುಗ್ಗಿ ಎರಡು ಗುದ್ದಿ ಹಿಂದಕ್ಕೆ ಬನ್ನಿ. ನನ್ನ ಜಟ್ಟಿ ಮೊದಲ ಕಾಳಗ ಗೆದ್ದಾಗ ಹೆಲ್ತ್ ಪಟ್ಟಿ ಕೂದಲೆಳೆಯಷ್ಟೇ ಉಳಿದಿತ್ತು, ನಿಮ್ಮದು ಎಷ್ಟು ಉಳೀತು ಅಂತ ಬರೆದು ಕಳ್ಸಿ.